ಸೋಮವಾರದ ಕ್ಯಾಸೆಟ್ಟು

ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದೆ, ಮೊಬೈಲು ಟುಣ್ ಎಂದಿತು. ನಮ್ಮ ಬಂಧುಬಳಗದ ವಾಟ್ಸಾಪ್ ಗುಂಪಿಗೆ ಭಾವ ಒಂದು ವಿಡಿಯೊ ಹಾಕಿದ್ದರು. ಭಾವ ಎಂದರೆ ನನ್ನ ಅಕ್ಕ ಗಿರಿಜೆಯ ಗಂಡ. ತಿ. ನರಸೀಪುರದಲ್ಲಿ ಅಕ್ಕಿ ಗಿರಣಿ ನಡೆಸಿ, ಈಗ ಅದನ್ನು ಮಗನಿಗೆ ಒಪ್ಪಿಸಿ ಹಾಯಾಗಿರುವವರು. ಹಣೆ ತುಂಬ ವಿಭೂತಿ, ಕಣ್ಣಿಗೆ ಕರಿ ಕನ್ನಡಕ, ಕೈಯಲ್ಲಿ ಮೈಕು. ಎಪ್ಪತ್ತರ ದಶಕದ ಒಂದು ಇಂಗ್ಲಿಷ್ ಹಾಡನ್ನು ಸೊಂಟ ಅಲ್ಲಾಡಿಸುತ್ತ ಹಾಡುತ್ತಿದ್ದರು. ಕೆಳಗೆ ‘ಎವರ್‌ಗ್ರೀನ್ ಹಿಟ್ಸ್, ಎಲ್ಲರೂ ಮತ್ತೆ ಕೇಳಲೇಬೇಕು’ ಎಂಬ ಒಕ್ಕಣೆ. ನನ್ನ ಕಾಫಿ ಮುಗಿಯುವಷ್ಟರಲ್ಲಿ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದವು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಹೊಟ್ಟೆಕಿಚ್ಚು ಎಂದುಕೊಳ್ಳಬೇಡಿ. ನನ್ನ ಗಂಟಲಿನ ವಿಚಾರ ಪ್ರೈಮರಿ ಶಾಲೆಯಲ್ಲೇ ತೀರ್ಮಾನವಾಗಿತ್ತು. ಪ್ರಾರ್ಥನೆಗೆ ನಿಂತಾಗ ಮೇಷ್ಟ್ರು ಹತ್ತಿರ ಬಂದು, “ನೀನು ಬರೀ ಬಾಯಿ ಆಡಿಸಮ್ಮ, ಸಾಕು” ಎಂದಿದ್ದರು. ಹಾಡುತ್ತಿದ್ದವಳು ಅಕ್ಕ.

ನಂಜನಗೂಡಿನಲ್ಲಿ ಕಪಿಲೆಗೆ ಇಳಿಯುವ ಬೀದಿಯಲ್ಲಿ ಅಪ್ಪನ ಬಟ್ಟೆ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಅಲ್ಲಿದ್ದ ರೇಡಿಯೊದಲ್ಲಿ ಯಾವುದೋ ದೂರದೇಶದ ಸ್ಟೇಷನ್ನು ಸಂಜೆ ಹೊತ್ತು ಸಿಗುತ್ತಿತ್ತು. ಸಿಗುತ್ತಿತ್ತು ಎಂದರೆ ಬರುತ್ತಿತ್ತು, ಹೋಗುತ್ತಿತ್ತು, ನಡುವೆ ಗೊರಗೊರ ಎನ್ನುತ್ತಿತ್ತು. ಅಕ್ಕ ಆ ಗೊರಗೊರದ ನಡುವಿನಿಂದಲೇ ಪಾಪ್ ಹಾಡು, ರಾಕ್ ಹಾಡು ಎಲ್ಲವನ್ನೂ ಹೆಕ್ಕಿ ಕಲಿತಳು. ನಮ್ಮಿಬ್ಬರಿಗೂ ಅರ್ಥ ಅಷ್ಟಕ್ಕಷ್ಟೆ. ಆದರೆ ಗಿಟಾರು ಒಂಟಿಯಾಗಿ ಶುರುವಾಗಿ, ಆಮೇಲೆ ಡ್ರಮ್ಮು ಮೆಲ್ಲಗೆ ಒಳಗೆ ಬಂದು, ಪಲ್ಲವಿಗೆ ಎಲ್ಲ ದನಿಗಳೂ ಒಟ್ಟಿಗೆ ಏಳುವಾಗ ಮೈ ಜುಂ ಎನ್ನುತ್ತಿತ್ತಲ್ಲ, ಅದಕ್ಕೆ ಅರ್ಥ ಯಾಕೆ ಬೇಕು ಹೇಳಿ? ನಾಲ್ಕು ನಿಮಿಷದೊಳಗೆ ಒಬ್ಬ ಮನುಷ್ಯ ಪ್ರೀತಿಸಿ, ಜಗಳವಾಡಿ, ಊರು ಬಿಟ್ಟು ಹೋಗಿಬಿಡುತ್ತಿದ್ದ. ಈಗಿನ ಹಾಡುಗಳಲ್ಲಿ ಇದೆಲ್ಲ ಇಲ್ಲ ಎಂದು ನಾನು ಹೇಳಿದರೆ ನನ್ನ ಮಗಳು ನಗುತ್ತಾಳೆ. ನಗಲಿ.

ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟ ಮೇಲೆ ಅಕ್ಕನಿಗೆ ಹುಚ್ಚು ಏರಿತು. ಅಪ್ಪ ಅಮ್ಮ ಕವಲಂದೆಗೆ ಮದುವೆಗೆಂದು ಹೋದ ಒಂದು ಭಾನುವಾರ ಬಾಗಿಲು ಹಾಕಿ, ಸದ್ದಾಗುತ್ತದೆಂದು ಫ್ಯಾನೂ ಆರಿಸಿ, ಬೆವರು ಸುರಿಸುತ್ತ ಒಂದು ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ ತಾನೇ ಹಾಡಿ ತುಂಬಿಸಿದಳು. ತಾಳಕ್ಕೆ ನಾನು ಸ್ಟೀಲ್ ಡಬ್ಬ ಬಡಿದೆ. ಪಕ್ಕದ ಮನೆಯ ಕುಕ್ಕರು ಎರಡನೇ ಹಾಡಿನಲ್ಲಿ ಸರಿಯಾದ ಜಾಗದಲ್ಲೇ ಕೂಗಿತು. ಕೊನೆಗೆ ಅಕ್ಕ ಕ್ಯಾಸೆಟ್ಟಿನ ಬೆನ್ನಿನ ಮೇಲಿದ್ದ ಪ್ಲಾಸ್ಟಿಕ್ಕಿನ ಪುಟ್ಟ ಹಲ್ಲುಗಳನ್ನು ಪಿನ್ನಿನಿಂದ ಮುರಿದಳು. ಅವನ್ನು ಮುರಿದರೆ ಅದರ ಮೇಲೆ ಇನ್ನೊಂದು ರೆಕಾರ್ಡ್ ಆಗುವುದಿಲ್ಲ. “ಇನ್ನ ಯಾರೂ ಅಳಿಸೋಕಾಗಲ್ಲ ಕಣೇ” ಎಂದಳು. ಅವಳ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಆಮೇಲೆ ನೋಡಲಿಲ್ಲ.

ಮದುವೆಯಾದಾಗ ಟೇಪ್ ರೆಕಾರ್ಡರೂ ಅವಳ ಜೊತೆ ತಿ. ನರಸೀಪುರಕ್ಕೆ ಹೋಯಿತು. ಒಂದು ಸಂಜೆ ಅವಳು ಆ ಕ್ಯಾಸೆಟ್ಟು ಹಾಕಿದಾಗ ಭಾವ, “ಇದ್ಯಾವ ಕಿರುಚಾಟ? ಮಠದ ಒಕ್ಕಲು ಕಣೇ ನಾವು, ಈ ಮನೇಲಿ ಇಂಥ ಕೆಟ್ಟ ಹಾಡೆಲ್ಲ ಬ್ಯಾಡ” ಎಂದರಂತೆ. ಅಕ್ಕ ಅದನ್ನು ಪೆಟ್ಟಿಗೆಯೊಳಗಿಟ್ಟಳು.

ಮುಂದಿನ ಶ್ರಾವಣದಲ್ಲಿ ಮಠದ ಸ್ವಾಮಿಗಳು ಅವರ ಮನೆಗೆ ಪಾದಪೂಜೆಗೆ ಬಂದರು. ಅಕ್ಕ ಅಡುಗೆಮನೆಯಲ್ಲಿ ಬೆಂದುಹೋಗುತ್ತಿದ್ದಳು. ಹಜಾರದಲ್ಲಿ ಪ್ರವಚನ ಶುರುವಾಗುವ ಹೊತ್ತಿಗೆ ಭಾವನಿಗೆ ರೆಕಾರ್ಡ್ ಮಾಡುವ ಆಸೆ ಬಂತು, ಮನೆಯಲ್ಲಿ ಖಾಲಿ ಕ್ಯಾಸೆಟ್ಟಿರಲಿಲ್ಲ. ಅಕ್ಕನ ಪೆಟ್ಟಿಗೆ ತೆಗೆದರು, ಮುರಿದ ಹಲ್ಲುಗಳ ತೂತಿಗೆ ಸೆಲ್ಲೋಟೇಪು ಅಂಟಿಸಿದರು, ಗುಂಡಿ ಒತ್ತಿದರು. ಮತ್ತೆ ರೆಕಾರ್ಡ್ ಆಗುವುದಕ್ಕೆ ಅಷ್ಟೇ ಸಾಕು. ಪ್ರವಚನ ಮುಗಿದ ಮೇಲೆ ಸೆಲ್ಲೋಟೇಪನ್ನು ಭಕ್ತಿಯಿಂದ ಕಿತ್ತು, “ಇನ್ನ ಇದರ ಮೇಲೆ ಯಾರೂ ಏನೂ ತುಂಬಬಾರ್ದು” ಎಂದು ಕ್ಯಾಸೆಟ್ಟನ್ನು ದೇವರಮನೆಯಲ್ಲಿಟ್ಟರು.

ಪ್ರತಿ ಸೋಮವಾರ ಪೂಜೆಯಾದ ಮೇಲೆ ಆ ಕ್ಯಾಸೆಟ್ಟು ಹಾಕುವುದು ಮನೆಯ ಪದ್ಧತಿಯಾಯಿತು. ಒಂದೇ ಒಂದು ತೊಡಕು. ಪ್ರವಚನ ಟೇಪಿಗಿಂತ ಚಿಕ್ಕದು. ಸ್ವಾಮಿಗಳು ಆಶೀರ್ವಾದ ಮಾಡಿ ಮುಗಿಸಿದ ಕೂಡಲೇ ಅಕ್ಕನ ಕೊನೆಯ ಹಾಡು ಅರ್ಧದಿಂದ ಹೊರಗೆ ಹಾರುತ್ತಿತ್ತು, ನನ್ನ ಡಬ್ಬದ ಬಡಿತದ ಸಮೇತ. ಗುರುವಾಣಿ ಇರುವ ಕ್ಯಾಸೆಟ್ಟು, ಅಳಿಸುವಂತಿಲ್ಲ. ಹಾಗಾಗಿ ಹಾಡು ಬರುವುದಕ್ಕೆ ಮೊದಲೇ ಯಾರಾದರೂ ಓಡಿಹೋಗಿ ನಿಲ್ಲಿಸಬೇಕು. ಆ ಕೆಲಸ ಅಕ್ಕನ ಪಾಲಿಗೆ ಬಂತು.

ಒಂದು ಕಾರ್ತಿಕ ಸೋಮವಾರ ನಾನೇ ಅಲ್ಲಿದ್ದೆ. ಅಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಹಜಾರದಿಂದ ಅವಳ ಅತ್ತೆ ಕೂಗಿದರು: “ಲೇ ಗಿರ್ಜಾ, ಓಡು ಓಡು! ಮುಗೀತಾ ಬಂತು, ಅದು ಬಂದ್ಬುಡ್ತದೆ!” ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ, ತನ್ನ ದನಿ ಹೊರಡುವ ಮುನ್ನವೇ ಗುಂಡಿ ಒತ್ತಿ, ವಾಪಸು ಬಂದು ರೊಟ್ಟಿ ತಿರುವಿದಳು. ರೊಟ್ಟಿ ಸೀದಿರಲಿಲ್ಲ. ಊರಿಗೆ ಬಂದು ಅಮ್ಮನ ಮುಂದೆ ನಾನು ಕಣ್ಣೀರು ಹಾಕಿದೆ. ಅಮ್ಮ, “ಹಾಡ್ದೇ ಇದ್ರೆ ಅವಳೇನ್ ಉಪವಾಸ ಬಿದ್ದಿದ್ದಾಳಾ?” ಎಂದಳು.

ಇಷ್ಟೆಲ್ಲ ತಲೆಯಲ್ಲಿ ಕುದಿಯುತ್ತಿದ್ದಾಗ ಮನೆಯಲ್ಲಿ ಕೂರಲು ಆಗಲಿಲ್ಲ. ಅವತ್ತೇ ನರಸೀಪುರದ ಬಸ್ಸು ಹತ್ತಿದೆ. ಭಾವನಿಗೆ ಆಡಬೇಕಾದ ಬಿರುಮಾತುಗಳನ್ನು ದಾರಿಯುದ್ದಕ್ಕೂ ಉರುಹೊಡೆದೆ. ಹೋದ ಮೇಲೆ ಮಾಡಿದ್ದು, ಅವರು ಕೊಟ್ಟ ರಸಬಾಳೆಹಣ್ಣನ್ನು ತೆಪ್ಪಗೆ ತಿಂದದ್ದು. ಆದರೂ ಕೊನೆಗೆ, “ಭಾವ, ಅಕ್ಕನ ಹಾಡಿನ ಕ್ಯಾಸೆಟ್ಟು ಒಂದಿತ್ತಲ್ಲ?” ಎಂದೆ.

“ಕ್ಯಾಸೆಟ್ಟಾ? ಯಾವ್ದು?” ಎಂದರು ಭಾವ. ನಾಟಕವಲ್ಲ, ಸೋಮವಾರದ ಪದ್ಧತಿ ನಿಂತು ಎಷ್ಟೋ ವರ್ಷವಾಗಿ ನಿಜವಾಗಿಯೂ ಮರೆತಿದ್ದರು. ಮರುಕ್ಷಣ ಅವರಿಗೆ ಉತ್ಸಾಹ ಉಕ್ಕಿತು. “ಓ, ಇವಳೂ ಇಂಗ್ಲಿಷ್ ಹಾಡು ಹಾಡ್ತಿದ್ಲು ಅಲ್ವಾ! ಬಾರೇ ಗಿರಿಜಾ, ಒಂದು ಹಾಡು. ಈಗ್ಯಾರು ಬ್ಯಾಡ ಅಂತಾರೆ?” ಎಂದು ಸ್ಪೀಕರ್ ಹಚ್ಚಿ ಮೈಕನ್ನು ಅಕ್ಕನ ಕೈಗೆ ತುರುಕಿದರು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೈಕು ಹಿಡಿದಳು. ಮೊದಲ ಸಾಲು ಬಂತು. ಎರಡನೆಯದು ಮೇಲೇರಬೇಕಾದಲ್ಲಿ ಗಂಟಲು ಸೀಳಿ ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು, ಮತ್ತೆ ಅಷ್ಟೇ. ಭಾವ ಬಹಳ ಮೆತ್ತಗೆ, “ಪ್ರಾಕ್ಟೀಸ್ ಇರ್ಬೇಕು ಕಣೇ. ನನ್ನ ನೋಡು, ದಿನಾ ಮಾಡ್ತೀನಿ” ಎಂದು ಮೈಕು ವಾಪಸು ತೆಗೆದುಕೊಂಡರು.

ಅಕ್ಕನ ಹಿಂದೆ ಅಡುಗೆಮನೆಗೆ ಹೋದೆ. “ಬೇಜಾರಾಯ್ತಾ ಅಕ್ಕ? ಈ ವಯಸ್ಸಲ್ಲಿ ಯಾರ ಗಂಟ್ಲೂ ಹಂಗೇನೆ” ಎಂದೆ.

“ಗಂಟ್ಲು ಹೋಗಿದ್ದಕ್ಕಲ್ಲ ಕಣೇ,” ಎಂದಳು. “ಅವರೆಲ್ಲ ಕೆಟ್ಟ ಹಾಡು, ಕೆಟ್ಟ ಹಾಡು ಅಂತಿದ್ರಲ್ಲ, ನಾನೂ ಹಂಗೇ ನಂಬ್ಬಿಟ್ಟೆ. ಕೆಟ್ಟದ್ದು ತಾನೇ, ಬಿಟ್ಟಿದ್ದೇ ಒಳ್ಳೇದಾಯ್ತು ಅಂತ ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಈಗ ನೋಡಿದ್ರೆ ಅವರೇ ಚೆನ್ನಾಗಿದೆ ಅಂತಾರೆ.”

ಹಜಾರದಲ್ಲಿ ಭಾವ ಅದೇ ಹಾಡನ್ನು ಮೊದಲಿಂದ ಶುರುಮಾಡಿದರು. ನಾವಿಬ್ಬರೂ ನಿಂತು ಕೇಳಿದೆವು. ಹಾಡು ಚೆನ್ನಾಗಿಯೇ ಇತ್ತು.