ಮಿಸ್ ಓಲೀಟಾ ಮುಳುಗಿಸುವ ಕ್ರಿಸ್ಮಸ್ ಮರಗಳು

ಏಪ್ರಿಲ್ ಕೊನೆಯ ವಾರ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಡ್‌ಲಿಕ್ ಜಲಾಶಯದ ಮೇಲೆ ಮಂಜು ಕೂತಿದೆ. ಚಪ್ಪಟೆ ದೋಣಿಯಲ್ಲಿ ನಿಂತ ಓಲೀಟಾ ಪ್ರೂಯಿಟ್, ಚಳಿಗಾಲದಲ್ಲಿ ಮುಳುಗಿಸಲಾಗದೆ ಉಳಿದ, ಒಣಗಿದ ಕ್ರಿಸ್ಮಸ್ ಮರವೊಂದರ ಬುಡಕ್ಕೆ ಸಿಮೆಂಟ್ ಇಟ್ಟಿಗೆ ಕಟ್ಟುತ್ತಿದ್ದಾರೆ. ಯಾರದೋ ಮನೆಯ ಅಲಂಕಾರದ ಜರಿ ಇನ್ನೂ ಆ ಮರದ ಮೇಲೆ ಮಿನುಗುತ್ತಿದೆ. ಹಗ್ಗದ ತುದಿ ಹಲ್ಲಿನಲ್ಲಿ, ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಕಾಲ ಬಳಿ. ಗಂಟು ಬಿಗಿದಾದ ಮೇಲೆ ಸೊಂಟದಿಂದ ಒಂದು ತಳ್ಳು. ಮರ ಗುಳುಂ ಎಂದು ಒಳಗೆ ಹೋಗುತ್ತದೆ.

"ಫೋಟೋ ಗೀಟೋ ತೆಗೀಬೇಡ ಹನೀ," ಎಂದು ನನಗೆ ತಾಕೀತು ಮಾಡುತ್ತಾರೆ. "ಹಿಂದೆ ಆ ಗುಡ್ಡ ಕಂಡ್ರೆ ಸಾಕು, ಇದು ಯಾವ ಜಾಗ ಅಂತ ಊರಿಗೆಲ್ಲ ಗೊತ್ತಾಗಿಹೋಗುತ್ತೆ."

ಅಮೆರಿಕದ ಅಲಬಾಮಾದ ಈ ಊರಿನಲ್ಲಿ ಮನುಷ್ಯರು ಎರಡೇ ಬಗೆ: ಬಾಸ್ ಮೀನು ಹಿಡಿಯುವವರು, ಹಿಡಿಯುವವರನ್ನು ಕಟ್ಟಿಕೊಂಡವರು. ಇಲ್ಲಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ತಲೆ ನರೆಸಿಕೊಂಡ ನಾನು ಎರಡೂ ಬಗೆಯವರಿಗೆ ಮುಲಾಮು ಮಾರಿದ್ದೇನೆ. ಬಾಸ್ ಮೀನಿಗೆ ಬಯಲು ನೀರು ಒಗ್ಗುವುದಿಲ್ಲ, ಅವಿತುಕೊಳ್ಳಲು ಮರೆ ಬೇಕು. ಮುಳುಗಿದ ಮರವೇ ಅದಕ್ಕೆ ಅರಮನೆ. ಹಾಗಾಗಿ ಪ್ರತಿಯೊಬ್ಬನಿಗೂ ತನ್ನದೇ ಒಂದು ಮುಳುಗಿದ ಮರ ಬೇಕು, ಅದು ಎಲ್ಲಿದೆ ಎಂದು ಇನ್ನೊಬ್ಬನಿಗೆ ತಿಳಿಯಬಾರದು. ಹಬ್ಬ ಮುಗಿದ ಮೇಲೆ ಊರಿನವರು ಬೀದಿಗೆಸೆದ ಮರಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ದಡಕ್ಕೆಳೆದು, ಹೇಳಿದವರ ಹೆಸರಿನಲ್ಲಿ ಮುಳುಗಿಸುವುದು ಓಲೀಟಾ ಅವರ ಕಸುಬು.

ಮೊದಲು ಈ ಕೆಲಸ ಗಂಡ ಹೊಯ್ಟ್ ಅವರದಾಗಿತ್ತು. ಅವರು ದೋಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಓಲೀಟಾ ಹಗ್ಗ ಕೈಗೆತ್ತಿಕೊಂಡರು. ಅರವತ್ತು ದಾಟಿದ ಮೇಲೂ ಜನವರಿಯ ನೀರಿನಲ್ಲಿ ತೊಡೆಯವರೆಗೆ ಇಳಿಯುತ್ತಾರೆ. ಮಂಡಿಯ ಪಾಡು ನಮ್ಮ ಅಂಗಡಿಗೆ ಗೊತ್ತು. ಇಷ್ಟಾದರೂ ಊರಿನಲ್ಲಿ ಯಾರೂ ಅವರಿಗೆ ಕೃತಜ್ಞತೆ ಹೇಳುವುದಿಲ್ಲ, ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ. ಮಾತಾಡಿಸಿದರೆ ತಾನೂ ಅವರ ಗಿರಾಕಿ ಎಂದು ಬಯಲಾಗಿಬಿಡುತ್ತದಲ್ಲ!

"ಮೊದಮೊದಲು ಬೇಜಾರಾಗ್ತಿತ್ತು," ಎನ್ನುತ್ತಾರೆ ಓಲೀಟಾ. "ಈಗ ಯಾರಾದ್ರೂ ನಗುನಗುತ್ತಾ ಮಾತಾಡಿಸಿದ್ರೇ ಭಯ. ಏನಪ್ಪಾ, ನನ್ನ ಕೆಲಸ ಕೆಟ್ಟೋಯ್ತಾ ಅಂತ."

ಈ ಕಸುಬಿನ ಜುಟ್ಟು ಇರುವುದು ಅಣೆಕಟ್ಟಿನ ಕಚೇರಿಯ ಕೈಯಲ್ಲಿ. ಅವರು ಚಳಿಗಾಲದಲ್ಲಿ ನೀರಿಳಿಸುತ್ತಾರೆ, ವಸಂತದಲ್ಲಿ ತುಂಬಿಸುತ್ತಾರೆ. ಇಳಿದ ನೀರಿನಲ್ಲಿ ಮುಳುಗಿಸಿದ ಮರ ವಸಂತದ ಹೊತ್ತಿಗೆ ಇನ್ನಷ್ಟು ಆಳಕ್ಕೆ ಸೇರಿ ಗುಟ್ಟು ಭದ್ರವಾಗುತ್ತದೆ. ಏಪ್ರಿಲ್‌ನಲ್ಲಿ ಗಂಡು ಬಾಸ್ ದಡದ ಹತ್ತಿರ ಬಂದು, ಬಾಲದಿಂದ ಜಲ್ಲಿ ಗುಡಿಸಿ, ಮೊಟ್ಟೆಗೆ ಕಾವಲು ನಿಲ್ಲುತ್ತದೆ. ಆಗ ನೀರು ಇಳಿದರೆ ಗೂಡು ಒಣಗಿಹೋಗುತ್ತದೆ. ಅದಕ್ಕೇ ನಮ್ಮೂರು ಬೆಳಿಗ್ಗೆ ಎದ್ದೊಡನೆ ಕಚೇರಿಗೆ ಫೋನ್ ಮಾಡಿ, ನೀರಿನ ಮಟ್ಟ ಹೇಳುವ ಧ್ವನಿಮುದ್ರಿತ ಹೆಂಗಸಿನ ಮಾತು ಕೇಳುತ್ತದೆ. "ಆ ಹೆಂಗಸಿನ ಮಾತು ಕೇಳಿದಷ್ಟು ನಾನು ಹೊಯ್ಟ್ ಮಾತು ಕೇಳಿಲ್ಲ," ಎಂದು ಓಲೀಟಾ ನಗುತ್ತಾರೆ.

ಈ ವರ್ಷ ಮಾರ್ಚಿನಲ್ಲಿ ಆ ಹೆಂಗಸು ಎಡವಟ್ಟು ಸುದ್ದಿ ಹೇಳಿದಳು. ಗೇಟಿನ ರಿಪೇರಿಯಿದೆ, ನೀರು ಏರಿಸುವುದಿಲ್ಲ, ಇನ್ನೂ ಐದಡಿ ಇಳಿಸುತ್ತೇವೆ ಎಂದಳು. ವಾರದೊಳಗೆ ಕೆಸರಿನಲ್ಲಿ ಊರಿನ ಗುಟ್ಟುಗಳೆಲ್ಲ ಸಾಲಾಗಿ ಎದ್ದು ನಿಂತವು. ಯಾರ ಮರ ಯಾವುದೆಂದು ಮರೆಯದಿರಲಿ ಎಂದು ಓಲೀಟಾ ಪ್ರತಿ ಗಿರಾಕಿಯಿಂದ ಒಂದು ಬಟ್ಟೆಯ ಚೂರು ಇಸಿದುಕೊಂಡು ಕೊಂಬೆಗೆ ಕಟ್ಟಿದ್ದರು. ದಂತವೈದ್ಯ ಗ್ರೇಡಿ ಹಾಲಿಫೀಲ್ಡ್ ತಮ್ಮ ಆಸ್ಪತ್ರೆಯ ಹಸಿರು ಏಪ್ರನ್ ಹರಿದು ಕೊಟ್ಟಿದ್ದರು. ಪಾದ್ರಿ ಬ್ರದರ್ ಲಾಮಾರ್ ಕೊಟ್ಟದ್ದು ಚರ್ಚಿನ ಹಳೆಯ ನೇರಳೆ ಪರದೆ. ಊರಿಗೆ ಊರೇ ಪ್ರತಿ ಭಾನುವಾರ ನೋಡಿದ್ದ ಪರದೆ ಅದು!

ಜನ ಮಡಚುವ ಕುರ್ಚಿ ತಂದು ಸೇತುವೆಯ ಮೇಲೆ ಹಾಕಿಕೊಂಡರು. ಪಾದ್ರಿಯ ಹೆಂಡತಿ ವೈನೆಲ್ ನೇರಳೆ ಚೂರುಗಳನ್ನು ಒಂದೊಂದಾಗಿ ಎಣಿಸಿದರಂತೆ. "ಪ್ರವಚನ ತಯಾರಿ ಮಾಡ್ಕೊಳ್ಳೋಕೆ ಕೆರೆಗೆ ಹೋಗ್ತೀನಿ ಅಂತಿದ್ರಲ್ಲ, ಒಂದು ಪ್ರವಚನಕ್ಕೆ ಏಳು ಮರ ಬೇಕಾ?" ಎಂದು ಅಲ್ಲೇ ಕೇಳಿದರು. ಬ್ರದರ್ ಲಾಮಾರ್ ಆಕಾಶ ನೋಡಿದರು.

ಓಲೀಟಾ ಅವರಿಗೆ ಮಾತ್ರ ನಗು ಬರಲಿಲ್ಲ. ಅವರು ಮಾರುತ್ತಿದ್ದುದು ಮರವನ್ನಲ್ಲ, ಬಾಯಿ ಬಿಡುವುದಿಲ್ಲವೆಂಬ ನಂಬಿಕೆಯನ್ನು. ಅದು ಹೋದರೆ ಮುಂದಿನ ಚಳಿಗಾಲಕ್ಕೆ ಯಾರು ಕರೆಯುತ್ತಾರೆ? ಗಿರಾಕಿಗಳು ಒಬ್ಬರ ಕಣ್ಣು ತಪ್ಪಿಸಿ ಒಬ್ಬರು ಅವರ ಹಿತ್ತಿಲ ಬಾಗಿಲಿಗೆ ಬಂದರು. ಎಲ್ಲರದೂ ಒಂದೇ ಮಾತು: "ಮಿಸ್ ಓಲೀಟಾ, ನೀರು ಬರೋದ್ರೊಳಗೆ ನಂದನ್ನ ಬೇರೆ ಕಡೆ ಇಟ್ಟುಬಿಡಿ."

"ಆಮೇಲೆ ಎಲ್ಲಾನೂ ಸರಿಸಿದ್ರಾ?" ನಾನು ಕೇಳುತ್ತೇನೆ.

ಓಲೀಟಾ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಾರೆ. "ಇದನ್ನ ನಿಮ್ಮ ಭಾಷೇಲಿ ತಾನೆ ಬರೆಯೋದು?"

"ಹೌದು, ಕನ್ನಡದಲ್ಲಿ."

"ಈ ಜಿಲ್ಲೇಲಿ ಓದೋಕೆ ಬರೋರು ಎಷ್ಟು ಜನ?"

"ನಾನೊಬ್ಬಳೇ."

"ಹಾಗಾದ್ರೆ ಹೇಳ್ತೀನಿ. ಒಂದೂ ಸರಿಸಿಲ್ಲ!"

ಬಟ್ಟೆಯ ಚೂರುಗಳನ್ನೆಲ್ಲ ಬಿಚ್ಚಿಕೊಂಡು, ಮೊದಲ ಮರ ಎಳೆಯಲು ಹೋದಾಗಲೇ ಟ್ರ್ಯಾಕ್ಟರ್ ಕೆಸರಿನಲ್ಲಿ ಹೂತುಕೊಂಡಿತಂತೆ. ಆಗಲೇ ಮಳೆ ಹಿಡಿಯಿತು. ಎಂಥ ಮಳೆ ಎಂದರೆ, ಸೇತುವೆಯ ಕುರ್ಚಿಗಳೆಲ್ಲ ಮನೆ ಸೇರಿದವು. ಓಲೀಟಾ ಇಡೀ ದಿನ ಗೇರ್ ಬದಲಿಸಿ ಬದಲಿಸಿ ಇಂಜಿನ್ ಮೊರೆಸಿದರು, ಚಕ್ರ ಇನ್ನಷ್ಟು ಕೆಳಗಿಳಿಯಿತು. ರಿಪೇರಿ ಮುಗಿಸಿದ್ದ ಕಚೇರಿ ಗೇಟು ಮುಚ್ಚಿತು. ಮರುದಿನ ಮರಗಳ ತಲೆಯ ಮೇಲೆ ನೀರು.

"ಮನೇಲಿ ಕೂತು ಟ್ರ್ಯಾಕ್ಟರ್ ಸದ್ದು ಕೇಳಿದ್ರಲ್ಲ ಹನೀ, ಅವರೇ ಬಂದು 'ಆ ಮಳೇಲಿ ಎಲ್ಲರದೂ ಸರಿಸಿದ್ರಲ್ಲ ತಾಯಿ' ಅಂದ್ರು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಂದೆಲ್ಲಿದೆ ಅಂತ ಕೇಳಿದ್ರು. ಪಾದ್ರಿಗೆ ದಂತವೈದ್ಯನ ಹಳೇ ಜಾಗ ಹೇಳ್ದೆ. ಖಾಲಿಯಾಗಿದೆ ಅಂದ್ಕೊಂಡು ಅಲ್ಲಿಗೆ ಯಾರೂ ಬರಲ್ಲ, ಅದಕ್ಕೇ ಅಲ್ಲಿಟ್ಟೆ ಅಂದೆ. ದಂತವೈದ್ಯನಿಗೆ ಪಾದ್ರಿ ಜಾಗ. ಹಾಗೇ ಎಲ್ಲರಿಗೂ."

ಈ ಏಪ್ರಿಲ್‌ನಲ್ಲಿ ಸಿಕ್ಕಂತಹ ಬಾಸ್ ತಮಗೆ ಜನ್ಮದಲ್ಲಿ ಸಿಕ್ಕಿಲ್ಲ ಎಂದು ಬ್ರದರ್ ಲಾಮಾರ್ ಕಂಡವರಿಗೆಲ್ಲ ಹೇಳುತ್ತಿದ್ದಾರೆ. ದಂತವೈದ್ಯರು ಮೊನ್ನೆ ಪೇಟೆಬೀದಿಯಲ್ಲಿ ಓಲೀಟಾ ಅವರನ್ನು ಕಂಡು ಅಪರಿಚಿತರಂತೆ ಮುಖ ತಿರುಗಿಸಿ ಹೋದರು. "ಅಬ್ಬಾ, ಆಗ ನನಗೆ ಜೀವ ಬಂತು," ಎನ್ನುತ್ತಾರೆ ಓಲೀಟಾ.

ಮಂಜು ಕರಗುತ್ತಿದೆ. ಓಲೀಟಾ ದೋಣಿಯನ್ನು ಇನ್ನೊಂದು ಕಡೆಗೆ ಒಯ್ದು ನಿಲ್ಲಿಸಿ, ಸೀಟಿನ ಕೆಳಗಿನಿಂದ ಒಂದು ಗಾಳ ತೆಗೆಯುತ್ತಾರೆ. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಗಾಳ ನೋಡಿದ್ದು ಇದೇ ಮೊದಲು.

"ಟ್ರ್ಯಾಕ್ಟರ್ ಏನಾಯ್ತು?" ನಾನು ಕೇಳುತ್ತೇನೆ.

"ನಿನ್ನ ಕಾಲಡೀಲೇ ಇದೆ," ಎಂದು ದನಿ ತಗ್ಗಿಸುತ್ತಾರೆ. "ಹಿಂದಿನ ಚಕ್ರದ ಪಕ್ಕ ಒಂದು ದಪ್ಪ ಗಂಡು ಮನೆ ಹೂಡಿದೆ. ಮೇಲಕ್ಕೆ ಬಂದ್ರೆ ಮುದ್ದು ಮಾಡಿ ವಾಪಸ್ ಬಿಡ್ತೀನಿ, ಮಕ್ಕಳೊಂದಿಗ ಅದು. ಊರಿಗೆಲ್ಲ ಜಾಗ ಮಾಡಿಕೊಟ್ಟೆ ಹನೀ. ಇದೊಂದು ನಂದು."

"ಮುಂದಿನ ವರ್ಷ ಮರ ಎಳೆಯೋಕೆ?"

"ಪಾದ್ರಿ ಹತ್ರ ಟ್ರಕ್ ಇದೆ. ಅವರ ಹೆಂಡತಿಗಂತೂ ಗೊತ್ತಾಗಿದೆಯಲ್ಲ, ಇನ್ನೇನು ಮುಚ್ಚುಮರೆ."

ಕಚೇರಿಯವರಿಗೆ ಹೇಳುವುದೇನಾದರೂ ಇದೆಯೇ ಎಂದು ಕೊನೆಗೆ ಕೇಳುತ್ತೇನೆ. ಓಲೀಟಾ ಗಾಳ ಬೀಸಿ, ನೀರಿನ ಮೇಲೆ ಕಣ್ಣಿಡುತ್ತಾರೆ.

"ಚಳಿಗಾಲದಲ್ಲಿ ನೀರಿಳಿಸಲಿ, ಬೇಡ ಅನ್ನಲ್ಲ. ಸ್ಟೀರಿಂಗ್ ಕಾಣದಷ್ಟು ಉಳಿಸಿದ್ರೆ ಸಾಕು."