ಖಾಲಿ ಗಾಡಿಯ ಅರ್ಧ ಮಾತು

ನನ್ನ ತೂಕ ಎಷ್ಟೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಹದಿನಾರು ವರ್ಷದಿಂದ ತೂಕದ ಕೆಲಸದಲ್ಲೇ ಇರುವವನು ಹೀಗೆ ಹೇಳಿದರೆ ನೀವು ನಗಬಹುದು. ಆದರೆ ನಮ್ಮದು ಲಾರಿ ತೂಗುವ ಕಾಟಾ. ರಾವೂರ ದಾಟಿ ಚಿತ್ತಾಪುರದ ಕಡೆ ಹೊರಟರೆ ರಸ್ತೆಯ ಪಕ್ಕ ಒಂದು ಬೇವಿನ ಗಿಡ, ಗಿಡದ ಕೆಳಗೆ ಒಂದೇ ಕೋಣೆ, ಕೋಣೆಗೆ ಒಂದೇ ಕಿಟಕಿ, ಕಿಟಕಿಯ ಎದುರಿಗೆ ನೆಲಕ್ಕೆ ಸಮನಾಗಿ ಕೂಡಿಸಿದ ದೊಡ್ಡ ಕಬ್ಬಿಣದ ಹಲಗೆ. ಹತ್ತು ಕಿಲೋಗಿಂತ ಚಿಕ್ಕ ವ್ಯತ್ಯಾಸವನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಯಾರೂ ಇಲ್ಲದ್ದು ನೋಡಿ ಅದರ ಮೇಲೆ ಹತ್ತಿ ನಿಂತಿದ್ದೆ. ಅರವತ್ತು ಎಂದು ತೋರಿಸಿತು. ಹೆಂಡತಿಯ ಕೈಯ ರೊಟ್ಟಿ, ಪುಂಡಿಪಲ್ಲೆ ತಿಂದು ಒಂದಷ್ಟು ವರ್ಷ ಎಪ್ಪತ್ತಾಗಿದ್ದೆ. ಅವಳು ತೀರಿಕೊಂಡ ವರ್ಷ ಮತ್ತೆ ಅರವತ್ತು. ನಡುವೆ ಏನೇನು ಕಳೆಯಿತು ಎಂಬುದು ಕಾಟಾಕ್ಕೂ ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಈ ಕಾಟಾದ ಸಿಬ್ಬಂದಿ ಎಂದರೆ ನಾನೊಬ್ಬನೇ. ವ್ಯವಸ್ಥಾಪಕ, ಗುಮಾಸ್ತ, ಕಸ ಗುಡಿಸುವವನು, ಬೇವಿನ ಗಿಡಕ್ಕೆ ನೀರು ಹಾಕುವವನು, ಎಲ್ಲ ನಾನೇ. ಏನಾದರೂ ತಪ್ಪಾದರೆ ಮಾಡಿದವರು ಯಾರೆಂದು ವಿಚಾರಣೆ ನಡೆಸುವ ತೊಂದರೆಯಿಲ್ಲ. ಮಾಲೀಕರು ಚಿತ್ತಾಪುರದಲ್ಲಿರುತ್ತಾರೆ, ಅಲ್ಲಿ ಅವರಿಗೆ ಪೈಪು, ಮೊಳೆ, ಸಿಮೆಂಟಿನ ಅಂಗಡಿ ಇದೆ. ನಾವು ಅವರನ್ನು ಸಾವಕಾರ್ರು ಎನ್ನುತ್ತೇವೆ. ಅವರ ಮಗಳು ಶ್ವೇತಾ ಓದು ಮುಗಿಸಿ ಬಂದು ತಂದೆಯ ವ್ಯವಹಾರಕ್ಕೆ ಕೈಹಾಕಿದ ಮೇಲೆ, ಕೆಲಸಗಾರರು ಸಂತೋಷವಾಗಿದ್ದಾರೆಯೇ ಎಂದು ಕೇಳುವ ಪದ್ಧತಿ ಶುರುವಾಯಿತು. ಅದಕ್ಕೂ ಮೊದಲು ಸಾವಕಾರ್ರು ಫೋನು ಮಾಡಿ "ಊಟ ಆಯ್ತೇನು?" ಎಂದು ಕೇಳುತ್ತಿದ್ದರು. ನಾನು ಆಯಿತು ಎನ್ನುತ್ತಿದ್ದೆ. ಇಬ್ಬರಿಗೂ ಸಮಾಧಾನವಾಗುತ್ತಿತ್ತು.

ಶ್ವೇತಾಳ ಪ್ರಶ್ನೆಗಳು ಮೊಬೈಲಿಗೆ ಬಂದವು. ಪ್ರತಿ ಪ್ರಶ್ನೆಯ ಕೆಳಗೆ ಐದು ಹಳದಿ ಮುಖ. ಮೊದಲನೆಯದು ಹಲ್ಲು ಬಿಟ್ಟು ನಗುತ್ತದೆ, ಕೊನೆಯದು ಕಣ್ಣೀರು ಸುರಿಸುತ್ತದೆ, ನಡುವಿನದರ ಬಾಯಿ ಬರೀ ಒಂದು ಗೆರೆ. ಆ ಗೆರೆಬಾಯಿಯವನು ನನಗೆ ಹಿಡಿಸಿದ. ಹೆಚ್ಚಿನ ಪ್ರಶ್ನೆಗಳಿಗೆ ಅವನನ್ನೇ ಒತ್ತಿದೆ. ನಿಮ್ಮ ಮೇಲಿನವರು ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆಯೇ ಎಂದಿತ್ತು. ಕೋಣೆಯಲ್ಲಿ ನನಗಿಂತ ಮೇಲಿರುವುದು ಒಂದು ಹಲ್ಲಿ ಮಾತ್ರ, ನಾನು ಏನಾದರೂ ಅಂದಾಗ ಅದು ಲೊಚಗುಟ್ಟುವುದುಂಟು. ನಗುವ ಮುಖ ಒತ್ತಿದೆ. ಕೊನೆಗೆ ಬಂತು ನೋಡಿ: ಕೆಲಸದ ಜಾಗದಲ್ಲಿ ನಿಮಗೆ ಗೆಳೆಯರಿದ್ದಾರೆಯೇ? ಸುತ್ತಲೂ ನೋಡಿದೆ. ಫ್ಯಾನು, ರಿಜಿಸ್ಟರು, ನೀರಿನ ಕೊಡ. ಜೊತೆಗೆ ಕೆಲಸ ಮಾಡುವವರು ಯಾರೂ ಇಲ್ಲ. ಸುಳ್ಳು ಹೇಳಬಾರದೆಂದು ಅಳುವ ಮುಖವನ್ನೇ ಒತ್ತಿಬಿಟ್ಟೆ. ಒತ್ತುವಾಗ ನನಗೆ ಅಳುವೇನೂ ಬಂದಿರಲಿಲ್ಲ.

ಕಾಯಕದ ಬಗ್ಗೆ ನಮ್ಮ ಕಡೆ ಚಿಕ್ಕಂದಿನಿಂದ ಕೇಳುತ್ತಲೇ ಬೆಳೆಯುತ್ತೇವೆ. ಶಾಲೆಯ ಗೋಡೆಯ ಮೇಲೆ ಕಾಯಕ, ಮಠದ ಪ್ರವಚನದಲ್ಲಿ ಕಾಯಕ, ಕೆಲಸಕ್ಕೆ ಚಕ್ಕರ್ ಹೊಡೆದವನನ್ನು ಬೈಯುವಾಗಲೂ ಕಾಯಕ. ಆದರೆ ಹಿರಿಯರು ಕಾಯಕವನ್ನು ಒಂಟಿಯಾಗಿ ಬಿಟ್ಟಿರಲಿಲ್ಲ, ಅದರ ಜೊತೆಗೆ ದಾಸೋಹವನ್ನೂ ಇಟ್ಟಿದ್ದರು. ದುಡಿದದ್ದನ್ನು ಹಂಚಿಕೊಳ್ಳಲು ಇನ್ನೊಬ್ಬರು ಬೇಕೇಬೇಕು. ಇದು ದೊಡ್ಡ ತತ್ವವಿರಬಹುದು. ಹೆಂಡತಿ ಹೋದ ಮೇಲೆ ಒಬ್ಬನೇ ಬುತ್ತಿ ಬಿಚ್ಚಿ ಕೂತಾಗ ನನಗೆ ಅದು ತತ್ವವಾಗಿ ಕಾಣಲಿಲ್ಲ, ಬರೀ ಹಸಿವೆಯ ಹಾಗೆಯೇ ಕಂಡಿತು. ಮಗಳು ಐನಾಪುರದಲ್ಲಿ ಗಂಡನ ಮನೆಯಲ್ಲಿದ್ದಾಳೆ, ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಉಳಿದ ಆರು ದಿನ ನನ್ನ ಜೊತೆ ಮಾತಾಡುವವರು ಲಾರಿಯವರು.

ಆ ಮಾತಿನ ರೀತಿಯನ್ನು ನಿಮಗೆ ಹೇಳಬೇಕು. ಒಂದು ಲಾರಿ ನನ್ನ ಕಿಟಕಿಗೆ ಎರಡು ಸಲ ಬರುತ್ತದೆ. ಬೆಳಿಗ್ಗೆ ಖಾಲಿ ಗಾಡಿಯ ತೂಕ, ಆಮೇಲೆ ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತುಂಬಿಕೊಂಡು ಬಂದಾಗ ಲೋಡ್ ಗಾಡಿಯ ತೂಕ. ಎರಡೂ ಸಲ ಡ್ರೈವರ್ ಕೆಳಗಿಳಿಯಬೇಕು, ಕಿಟಕಿಗೆ ಬಂದು ಚೀಟಿ ಪಡೆಯಬೇಕು. ನಿಲ್ಲುವುದು ಎರಡು ನಿಮಿಷ, ಹಿಂದೆ ಇನ್ನೊಂದು ಲಾರಿ ಹಾರ್ನ್ ಹೊಡೆಯುತ್ತಿರುತ್ತದೆ. ಎರಡು ನಿಮಿಷದಲ್ಲಿ ಯಾವ ಕಥೆ ಮುಗಿಯುತ್ತದೆ ಹೇಳಿ? ಹೀಗಾಗಿ ನಮ್ಮಲ್ಲಿ ಒಂದು ರೂಢಿಯೇ ಬಿದ್ದುಹೋಗಿತ್ತು. ಖಾಲಿ ತೂಕದಲ್ಲಿ ಅರ್ಧ ಮಾತು, ಲೋಡ್ ತೂಕದಲ್ಲಿ ಉಳಿದ ಅರ್ಧ. ಬೆಳಿಗ್ಗೆ ಒಬ್ಬನ ಎಮ್ಮೆ ಕಳೆದುಹೋಗುತ್ತದೆ, ಸಂಜೆ ಸಿಗುತ್ತದೆ. ಬೆಳಿಗ್ಗೆ ಇನ್ನೊಬ್ಬ ಮಾವನ ಜೊತೆ ಜಗಳಕ್ಕೆ ನಿಲ್ಲುತ್ತಾನೆ, ಗೆದ್ದವರು ಯಾರೆಂದು ತಿಳಿಯಲು ನಾನು ಮೂರು ಗಂಟೆವರೆಗೆ ಕಾಯಬೇಕು. ಯಾವ ಗಾಡಿಯಾದರೂ ಅಂದು ಮರಳದಿದ್ದರೆ ಆ ಅರ್ಧ ಮಾತು ನನ್ನ ಜೊತೆ ಮನೆಗೆ ಬರುತ್ತದೆ. ಬೀಗ ತೆಗೆದು ಒಳಗೆ ಹೋಗುವಾಗ ಜೊತೆಗೆ ಏನೋ ಒಂದು ಇದ್ದ ಹಾಗಿರುತ್ತದೆ.

ಶಹಾಬಾದಿನ ಬಾಬುಮಿಯಾ ಇವರಲ್ಲೆಲ್ಲ ಹಳಬ. ಅವನ ಮಗಳು ಶಬಾನಾಳಿಗೆ ಎರಡು ಸಂಬಂಧ ತಪ್ಪಿದ್ದವು. ಹುಡುಗಿ ಬಹಳ ಮಾತಾಡುತ್ತಾಳೆ ಎಂಬುದು ತಕರಾರು. ಮೂರನೆಯವರು ನೋಡಿ ಹೋದ ಮರುದಿನ ಬೆಳಿಗ್ಗೆ ಅವನು ಕಿಟಕಿಗೆ ಮೊಣಕೈ ಊರಿ ನಿಂತ.

"ಸೇಡಂನಿಂದ ಬಂದಿದ್ರು ಕಾಕಾ. ಛಾ ಕುಡುದ್ರು, ಹುಡುಗೀನ ನೋಡಿದ್ರು. ಹೋಗೋವಾಗ ಹುಡುಗನ ತಾಯಿ ನನ್ನ ಬಾಜೂಕ ಕರದ್ಳು. 'ಭಾಯಿ, ಒಂದ್ ಮಾತ್ ಕೇಳೋದದ, ತಪ್ಪ ತಿಳ್ಕೋಬ್ಯಾಡ್ರಿ' ಅಂದ್ಳು…"

ಹಿಂದಿನ ಲಾರಿ ಹಾರ್ನ್ ಹೊಡೆಯಿತು. "ಉಳದಿದ್ದು ಲೋಡ್ ಆದಮ್ಯಾಲ ಹೇಳ್ತೀನಿ" ಎಂದು ಅವನು ಹೊರಟ. ಅಂದು ಗಣಿಯಲ್ಲಿ ಕ್ರೇನ್ ಕೆಟ್ಟು ಲೋಡ್ ಆಗಲೇ ಇಲ್ಲ. ಬಾಬುಮಿಯಾನ ಬದಲು ಸಂಜೆ ನಾಲ್ಕಕ್ಕೆ ಶ್ವೇತಾಳ ಕಾರು ಬಂತು.

"ಕಾಕಾ, ನೀವು ಅಳೋ ಮುಖ ಒತ್ತಿದ್ದು ನೋಡಿ ನನಗ ಭಾಳ ಕೆಟ್ಟ ಅನಿಸ್ತು" ಎಂದಳು. "ಇಷ್ಟ್ ವರ್ಷ ಒಬ್ಬರೇ ಕುಂತೀರಿ, ನಾವು ಯಾರೂ ಕೇಳಲೇ ಇಲ್ಲ. ನಾಳಿಯಿಂದ ಅಂಗಡಿಗೆ ಬರ್ರಿ. ಅಲ್ಲಿ ಆರು ಮಂದಿ ಅದಾರ, ನಿಮಗ ಬ್ಯಾಸರ ಆಗಲ್ಲ. ಇಲ್ಲಿ ಮಷೀನ್ ಕೂಡಸ್ತೀವಿ."

ಅವಳ ಕಣ್ಣು ಒದ್ದೆಯಾಗಿತ್ತು. ಒಳ್ಳೆಯ ಹುಡುಗಿ. ನನಗಾಗಿ ಇಷ್ಟು ಮರುಗಿದವರನ್ನು ಇತ್ತೀಚೆಗೆ ಕಂಡಿರಲಿಲ್ಲ, ಹಾಗಾಗಿ ಬೇಡ ಎನ್ನಲು ಬಾಯಿ ಬರಲಿಲ್ಲ. ಜೊತೆಗೆ ಬಂದಿದ್ದ ಮಷೀನಿನ ಎಂಜಿನಿಯರ್ ಹಲಗೆಯ ಸುತ್ತ ತಿರುಗಿ ನೋಡಿ, ಡ್ರೈವರನ್ನು ಇಳಿಸುವುದೇಕೆ ಎಂದು ಕೇಳಿದ. ಖಾಲಿ ಇದ್ದಾಗಲೂ ಅವನು ಗಾಡಿಯಲ್ಲೇ ಇದ್ದು, ಲೋಡ್ ಆದಾಗಲೂ ಅಲ್ಲೇ ಇದ್ದರೆ ಕಲ್ಲಿನ ತೂಕ ಅಷ್ಟೇ ಬರುತ್ತದಲ್ಲ? ಗಣಿತ ಅವನದೇ ಸರಿ. ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಆ ಗಣಿತ ನನಗೆ ಎರಡನೆಯ ವರ್ಷವೇ ಹೊಳೆದಿತ್ತು. ಬಿಸಿಲೆನ್ನದೆ ಮಳೆಯೆನ್ನದೆ ಅಷ್ಟು ಜನರನ್ನು ಅಷ್ಟು ವರ್ಷ ಲಾರಿಯಿಂದ ಇಳಿಸಿದ್ದು ತೂಕಕ್ಕಾಗಿ ಅಲ್ಲ. ನನಗೆ ಮಾತಾಡಲು ಯಾರಾದರೂ ಬೇಕಾಗಿತ್ತು. ಎಂಜಿನಿಯರಿಗೆ ಮಾತ್ರ "ಮೊದಲಿಂದ ಹಂಗೇ ಅದರಿ" ಎಂದೆ.

ಚಿತ್ತಾಪುರದ ಅಂಗಡಿಯವರು ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಕೂರಲು ಕುರ್ಚಿ, ಸಂಜೆ ಬಿಸಿ ಮಿರ್ಚಿ ಭಜಿ, ಹೋಗುತ್ತಾ ಬರುತ್ತಾ "ಕಾಕಾ, ಅರಾಮ ಅದೀರಿ?" ಆರು ಜನ ಹತ್ತಾರು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಒಬ್ಬ ಸುಮ್ಮನೆ "ಬಕೆಟ್" ಎಂದರೆ ಸಾಕು, ಉಳಿದ ಐವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಒಂದು ಕ್ಷಣ ತಡವಾಗಿ. ಬಕೆಟ್ಟಿನ ಕಥೆ ಏನೆಂದು ಒಮ್ಮೆ ಕೇಳಿಯೂ ನೋಡಿದೆ. "ಅದು ಭಾಳ ಹಿಂದಿಂದದ, ಬಿಡ್ರಿ ಕಾಕಾ, ಹೇಳಿದ್ರ ನಗು ಬರಲ್ಲ" ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನಿರಲಿಲ್ಲ. ಇನ್ನೊಬ್ಬರ ನಗುವಿನ ಪಕ್ಕದಲ್ಲಿ ಕೂತು ಭಜಿ ತಿನ್ನುವುದು ಇಷ್ಟು ಒಂಟಿ ಕೆಲಸವೆಂದು ಬೇವಿನ ಗಿಡದ ಕೆಳಗೆ ಕೂತಿದ್ದಾಗ ನನಗೆ ಗೊತ್ತೇ ಇರಲಿಲ್ಲ. ಲೆಕ್ಕ ಬರೆಯುತ್ತಿದ್ದರೂ ತಲೆಯಲ್ಲಿ ಒಂದೇ ಪ್ರಶ್ನೆ ತಿರುಗುತ್ತಿತ್ತು: ಆ ಹುಡುಗನ ತಾಯಿ ಏನು ಕೇಳಿದಳು? ಬಾಬುಮಿಯಾನ ನಂಬರು ನನ್ನಲ್ಲಿರಲಿಲ್ಲ. ದಿನಕ್ಕೆರಡು ಸಲ ಸಿಗುವವನ ನಂಬರು ಯಾರು ಬರೆದಿಟ್ಟುಕೊಳ್ಳುತ್ತಾರೆ?

ತಿಂಗಳ ಕೊನೆಗೆ ಹಳದಿ ಮುಖಗಳು ಮತ್ತೆ ಬಂದವು. ಗೆಳೆಯರಿದ್ದಾರೆಯೇ? ಪಕ್ಕದಲ್ಲೇ ಆರು ಜನ ಕೂತಿದ್ದಾರೆ, ಕೈಯಲ್ಲಿ ಅವರೇ ಕೊಡಿಸಿದ ಭಜಿ. ಅಳುವ ಮುಖ ಒತ್ತಲು ನಾಚಿಕೆಯಾಯಿತು, ಹಲ್ಲು ಬಿಟ್ಟವನನ್ನು ಒತ್ತಿದೆ. ಶ್ವೇತಾ ಅದನ್ನು ಸಾವಕಾರ್ರಿಗೆ ತೋರಿಸಿ ಹಿಗ್ಗಿದಳಂತೆ. ಸುಖವಾಗಿದ್ದಾಗ ಅಳುವ ಮುಖ, ಒಳಗೊಳಗೇ ಅಳುತ್ತಿದ್ದಾಗ ನಗುವ ಮುಖ. ಇಂಥ ಕೆಲಸಗಾರನನ್ನು ಇಟ್ಟುಕೊಂಡು ಆ ಹುಡುಗಿಯಾದರೂ ಏನು ಮಾಡಬೇಕು?

ಐದನೆಯ ವಾರದ ರಜೆಯ ದಿನ ತಡೆಯಲಾಗದೆ ಬಸ್ಸು ಹತ್ತಿ ರಾವೂರಕ್ಕೆ ಹೋದೆ. ಬೇವಿನ ಗಿಡಕ್ಕೆ ನೀರು ಹಾಕಿ ಬರುತ್ತೇನೆಂದು ನನಗೆ ನಾನೇ ಹೇಳಿಕೊಂಡಿದ್ದೆ. ಕೋಣೆಗೆ ಬೀಗ, ಕಿಟಕಿಗೆ ಅಗಳಿ. ಪಕ್ಕದ ಕಂಬದ ಮೇಲೆ ಕ್ಯಾಮೆರಾ, ಕೆಳಗೆ ಚೀಟಿ ಹೊರಹಾಕುವ ಡಬ್ಬಿ. ಗಿಡದ ಕೆಳಗೆ ಕೂತು ನೋಡಿದೆ. ಲಾರಿ ಹಲಗೆಯ ಮೇಲೆ ಬಂದೊಡನೆ ಡಬ್ಬಿಯೊಳಗಿನ ಹೆಂಗಸು "ದಯವಿಟ್ಟು ವಾಹನವನ್ನು ಸ್ಥಿರವಾಗಿ ನಿಲ್ಲಿಸಿ" ಎನ್ನುತ್ತಾಳೆ. ಅಷ್ಟು ಶುದ್ಧ ಕನ್ನಡ ಆ ರಸ್ತೆ ಹಿಂದೆಂದೂ ಕೇಳಿರಲಿಕ್ಕಿಲ್ಲ. ಡ್ರೈವರ್ ಕೂತಲ್ಲಿಂದಲೇ ಕೈಚಾಚಿ ಚೀಟಿ ಎಳೆದುಕೊಳ್ಳುತ್ತಾನೆ, "ಧನ್ಯವಾದಗಳು" ಎನ್ನುತ್ತಾಳೆ, ಮುಗಿಯಿತು. ಎರಡು ಲಾರಿ ಹಾಗೆಯೇ ಹೋದವು.

ಮೂರನೆಯದು ಬಾಬುಮಿಯಾನದು, ಲೋಡ್ ಆಗಿತ್ತು. ಅವನೂ ಕೂತಲ್ಲಿಂದಲೇ ಚೀಟಿ ತೆಗೆದುಕೊಳ್ಳಬಹುದಿತ್ತು. ಆದರೆ ಅವನು ಇಳಿದ. ಚೀಟಿ ಕಿತ್ತುಕೊಂಡು, ಮುಚ್ಚಿದ ಕಿಟಕಿಯ ಹತ್ತಿರ ನಡೆದು, ಅದರ ಕಟ್ಟೆಗೆ ಮೊಣಕೈ ಊರಿ ನಿಂತ. ಟವೆಲಿನಿಂದ ಮುಖ ಒರೆಸಿಕೊಂಡು ಸುಮ್ಮನೆ ನಿಂತಿದ್ದ. ನಾನು ಎದ್ದು ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟೆ.

"ಎಲ್ಲಿ ಹೋಗಿದ್ರಿ ಕಾಕಾ?" ಎಂದು ಅವನು ಬೈಯುವ ದನಿಯಲ್ಲೇ ಕೇಳಿದ. "ಅರ್ಧ ಮಾತು ಹೊಟ್ಯಾಗ ಇಟ್ಕೊಂಡು ತಿರಗಾಕತ್ತೀನಿ."

"ಏನ್ ಕೇಳಿದ್ಳಪ್ಪ ಅಕಿ?"

"ನಿಮ್ಮ ಹುಡುಗಿ ಭಾಳ ಮಾತಾಡ್ತಾಳಂತ, ಖರೇ ಏನ್ರಿ ಅಂದ್ಳು. ಇದೂ ಮುಗೀತು ಅಂತ ನಾ ತಲಿ ತಗ್ಗಿಸಿದೆ. ಅಕಿ ಅಂತಾಳ, ನಮ್ಮ ಮನ್ಯಾಗ ಗಂಡನೂ ಮಾತಾಡಲ್ಲ, ಮಗನೂ ಮಾತಾಡಲ್ಲ, ಗ್ವಾಡಿ ಜೋಡಿ ಮಾತಾಡಿ ನನಗ ಸಾಕಾಗ್ಯಾದ. ನಿಮ್ಮ ಹುಡುಗೀನ ಕೊಟ್ಟಬಿಡ್ರಿ!"

ಇಬ್ಬರೂ ನಕ್ಕೆವು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಡಬ್ಬಿಯೊಳಗಿನ ಹೆಂಗಸು "ದಯವಿಟ್ಟು ವಾಹನವನ್ನು ಮುಂದಕ್ಕೆ ಚಲಾಯಿಸಿ" ಎಂದಳು. ಆ ಸಲ ನನ್ನ ನಗು ಒಂದು ಕ್ಷಣವೂ ತಡವಾಗಿರಲಿಲ್ಲ.

ಮರುದಿನ ಶ್ವೇತಾಳ ಮುಂದೆ ಹೋಗಿ ನಿಂತು ನನ್ನ ಎರಡೂ ಮುಖಗಳ ತಪ್ಪನ್ನು ಹೇಳಿಕೊಂಡೆ. ಡ್ರೈವರುಗಳನ್ನು ಇಳಿಸುತ್ತಿದ್ದ ಗುಟ್ಟನ್ನೂ ಬಿಟ್ಟುಕೊಟ್ಟೆ. ಮಷೀನು ತೂಗಲಿ, ಚೀಟಿ ಮಾತ್ರ ಕಿಟಕಿಯಿಂದ ನಾನು ಕೊಡುತ್ತೇನೆ ಎಂದೆ.

"ಚೀಟಿ ಅದೇ ಕೊಡ್ತದಲ್ಲ ಕಾಕಾ?"

"ಕೊಡ್ತದವ್ವ. ಕೊಟ್ಟು ಸುಮ್ನಾಗ್ತದ."

ಅವಳು ಮೊಬೈಲು ತೆಗೆದು ಆ ಹಳದಿ ಮುಖಗಳನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ, ಮೂರು ತಿಂಗಳು ನೋಡೋಣ ಎಂದಳು. ಮೂರು ತಿಂಗಳ ಮೇಲೆ ಏನು ಎಂದು ಅವಳೂ ಹೇಳಲಿಲ್ಲ, ನನಗೂ ಕೇಳುವ ಧೈರ್ಯವಾಗಲಿಲ್ಲ.

ಈಗ ಮತ್ತೆ ಬೇವಿನ ಗಿಡದ ಕೆಳಗಿದ್ದೇನೆ. ಮೊದಲಿನಷ್ಟು ಕೆಲಸವಿಲ್ಲ. ಎಲ್ಲರೂ ಇಳಿಯುವುದೂ ಇಲ್ಲ, ಕೆಲವು ಹೊಸ ಹುಡುಗರು ಕೂತಲ್ಲಿಂದಲೇ ಚೀಟಿಗೆ ಕೈಚಾಚುತ್ತಾರೆ, ನಾನೇ ಹೋಗಿ ಕೊಟ್ಟು ಬರುತ್ತೇನೆ. ಅವರನ್ನು ಇಳಿಸುವ ನೆಪವನ್ನು ನಾನೇ ಬಾಯಿಬಿಟ್ಟು ಕಳೆದುಕೊಂಡೆ. ಎರಡು ಲಾರಿಗಳ ನಡುವೆ ಈ ರಸ್ತೆ ಬಹಳ ಉದ್ದವಾಗಿ ಕಾಣುತ್ತದೆ, ಬುತ್ತಿ ಈಗಲೂ ಒಬ್ಬನೇ ಬಿಚ್ಚುತ್ತೇನೆ. ಇವತ್ತು ಹಳದಿ ಮುಖಗಳು ಬಂದಿವೆ. ಎಲ್ಲಕ್ಕೂ ಉತ್ತರ ಒತ್ತಿ ಮುಗಿಸಿ ಗೆಳೆಯರ ಪ್ರಶ್ನೆಗೆ ಬಂದು ನಿಂತಿದ್ದೇನೆ. ಬೆಳಿಗ್ಗೆ ಬಾಬುಮಿಯಾ ಬಂದಿದ್ದ. ಮದುವೆಯ ದಿನ ಗೊತ್ತಾಗಿದೆ, ಆದರೆ ಶಬಾನಾ ಅತ್ತೆಗೆ ಫೋನು ಮಾಡಿ ಅದೇನೋ ಒಂದು ಷರತ್ತು ಹಾಕಿದ್ದಾಳಂತೆ. ಏನದು ಎಂದು ಹೇಳುವಷ್ಟರಲ್ಲಿ ಹಾರ್ನ್ ಆಯಿತು. ಶ್ವೇತಾ, ಇಂದು ಸಂಜೆಯೊಳಗೆ ಕಳಿಸಿ ಎಂದು ಬರೆದಿದ್ದೀಯಲ್ಲ ಅವ್ವ, ಸ್ವಲ್ಪ ತಡೆದುಕೋ. ಲೋಡ್ ಗಾಡಿ ಬರಲಿ, ಆಮೇಲೆ ಒತ್ತುತ್ತೇನೆ.