ಎದೆ ಬಡಿಯುವವರ ಎದೆನೋವು

ಮುದುಕುಳತ್ತೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಸಾವಾದರೂ ಇರುಳಾಯಿಗೆ ಹೇಳಿಕಳಿಸುತ್ತಿದ್ದರು. ಸತ್ತವರ ಗುಣ ಹೊಗಳುತ್ತ, ಎರಡೂ ಕೈಯಲ್ಲಿ ಎದೆ ಬಡಿದುಕೊಳ್ಳುತ್ತ ಅವಳು ಒಪ್ಪಾರಿ ಹಾಡತೊಡಗಿದರೆ, ಬದುಕಿದ್ದಾಗ ಒಂದು ಲೋಟ ನೀರು ಕೊಡದ ಸೊಸೆಯೂ ಗೋಳೋ ಎಂದು ಅಳಬೇಕು. ಇದೂ ಒಂದು ಕಸುಬೇ. ಉಪ್ಪಿನ ಗದ್ದೆಯಲ್ಲಿ ದುಡಿಯುವವರಿಗೆ ಕಾಲು ಹುಣ್ಣಾಗುವಂತೆ ಒಪ್ಪಾರಿಯವರಿಗೆ ಎದೆ ನೋಯುತ್ತದೆ ಎಂಬುದರಲ್ಲಿ ಅವಳ ತಂಡದ ಹೆಂಗಸರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನೋವು ಬಂದರೆ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಂಡು ಮುಂದಿನ ಸಾವಿನ ಮನೆಗೆ ಹೊರಡುತ್ತಿದ್ದರು.

ಓರಗಿತ್ತಿ ವೀರಾಯಿ ಹಾಡಿನ ನಡುವೆ ಉಸಿರು ಸಾಲದೆ ಕುಸಿದು ಕೂತಾಗಲೂ ಇರುಳಾಯಿ ಇಟ್ಟಿದ್ದು ಉಪ್ಪಿನ ಗಂಟನ್ನೇ. ಸ್ವಲ್ಪ ದಿನಕ್ಕೇ ವೀರಾಯಿ ಹೋಗಿಬಿಟ್ಟಳು. ಅವಳಿಗಾಗಿ ಇರುಳಾಯಿ ಹಾಡಿದ ಒಪ್ಪಾರಿಯನ್ನು ಊರು ಇಂದಿಗೂ ಹೊಗಳುತ್ತದೆ.

ಈಗ ಅವಳಿಗೇ ನಾಲ್ಕು ಹೆಜ್ಜೆಗೆ ಏದುಸಿರು. ವಯಸ್ಸಾದವರ ಹೃದಯವನ್ನು ಯಂತ್ರದಲ್ಲಿ ನೋಡುವವರು ಶಾಲೆಗೆ ಬಂದಿದ್ದಾರೆಂದು ನರ್ಸಮ್ಮ ಬಲವಂತ ಮಾಡಿದ್ದಕ್ಕೆ ಹೋದಳು. ಡಾಕ್ಟರಮ್ಮ ಅವಳನ್ನು ಎಡಮಗ್ಗುಲಾಗಿ ಮಲಗಿಸಿ, ತಣ್ಣನೆಯ ಲೋಳೆ ಹಚ್ಚಿ, ಬಡಿದು ಬಡಿದು ಕಪ್ಪಾದ ಎದೆಯ ಮೇಲೆ ಯಂತ್ರದ ಹಿಡಿಯನ್ನು ಒತ್ತಿದಳು. ಪರದೆಯ ಮೇಲೆ ಬೂದುಬಣ್ಣದ್ದೇನೋ ಮಿಡುಕುತ್ತಿತ್ತು.

"ಅಜ್ಜಿ, ಹೃದಯದಿಂದ ರಕ್ತ ಹೊರಗೆ ಹೋಗೋ ಬಾಗಿಲು ಬಿಗಿದುಹೋಗಿದೆ. ಈ ವಾರಾನೇ ಮಧುರೈಗೆ ಹೋಗ್ಬೇಕು. ಅಲ್ಲೀವರೆಗೂ ಹಾಡೋದು ಬೇಡ."

"ಹೊಡ್ಕೊಂಡು ಹೊಡ್ಕೊಂಡು ಕೆಟ್ಟಿದ್ದಲ್ವಾ ತಾಯಿ?"

"ಹೊಡ್ಕೊಂಡ್ರೆ ಮೇಲೆ ನೋಯುತ್ತೆ, ಅಷ್ಟೇ. ಇದು ಒಳಗಿನ ಕಾಯಿಲೆ. ವಯಸ್ಸಾದ್ಮೇಲೆ ತುಂಬಾ ಜನಕ್ಕೆ ಬರುತ್ತೆ. ಬೇಗ ಗೊತ್ತಾದ್ರೆ ಸರಿಮಾಡ್ಬಹುದು."

ಇರುಳಾಯಿ ಎದ್ದು ಕೂತಳು. "ನಮ್ಮ ವೀರಾಯಿಗೂ ಹೀಗೇ ಉಸಿರು ಸಾಲ್ತಿರ್ಲಿಲ್ಲ."

"ನೋಡ್ದೆ ನಾನು ಏನಂತ ಹೇಳ್ಲಿ ಅಜ್ಜಿ?"

ಡಾಕ್ಟರಮ್ಮ ಮೆತ್ತಗೇ ಹೇಳಿದ್ದಳು. ಇರುಳಾಯಿ ರವಿಕೆ ಹಾಕಿಕೊಂಡು ಹೊರಗೆ ಬಂದಳು. ತನ್ನ ಜೀವದ ಭಯ ಅವಳಿಗೆ ಆಗ ಅಷ್ಟಾಗಿ ಹೊಳೆಯಲೂ ಇಲ್ಲ. ವೀರಾಯಿಯನ್ನು ಕಸುಬು ಕೊಂದಿತೆಂದು ನಂಬಿ ನೆಮ್ಮದಿಯಾಗಿದ್ದಳಲ್ಲ, ಆ ನೆಮ್ಮದಿ ಹೋಯಿತು.

ಮನೆಗೆ ಹೋಗದೆ ತಂಡದ ಪೇಚಿಯ ಗುಡಿಸಲಿಗೆ ನಡೆದಳು. ಪೇಚಿ ಒಲೆಯ ಮುಂದೆ ಕೂತು ಉಪ್ಪು ಹುರಿಯುತ್ತಿದ್ದಳು.

"ಎದೆ ನೋವಾ?"

"ನಿನ್ನೆ ಊರ ಯಜಮಾನ್ರ ಮನೇಲಿ ಜೋರಾಗಿ ಹೊಡ್ಕೊಂಡೆ ಅಕ್ಕಾ. ಇದೇನು ಹೊಸದಾ?"

"ಶಾಲೆಗೆ ನಡಿ. ಇನ್ನೂ ನೋಡ್ತಿದ್ದಾರೆ."

"ಎದೆ ಬಡ್ಕೊಳ್ಳೋರಿಗೆ ಎದೆ ನೋಯ್ದೆ ಮಂಡಿ ನೋಯುತ್ತಾ? ಈ ವಯಸ್ಸಲ್ಲಿ ರವಿಕೆ ಬಿಚ್ಚಿ ಮಲ್ಗಬೇಕಂತೆ. ನಿಂಗೆ ನಾಚ್ಕೆ ಇಲ್ಲ, ನಂಗಿದೆ."

ಇರುಳಾಯಿ ನಗಲಿಲ್ಲ. ಸೆರಗಿನಲ್ಲಿ ಬಾಣಲೆ ಹಿಡಿದು ಕೆಳಗಿಟ್ಟಳು. "ವೀರಾಯಿಗೂ ನಾನು ಇದನ್ನೇ ಅಂದಿದ್ದೆ ಕಣೇ. ಶಾಖ ಕೊಟ್ಟಿದ್ದೂ ನಾನೇ, ಆಮೇಲೆ ಹಾಡಿದ್ದೂ ನಾನೇ."

ಅಷ್ಟಕ್ಕೇ ಉಸಿರು ಕಟ್ಟಿತು. ಬಾಗಿಲ ಕಂಬ ಹಿಡಿದು ನಿಂತಳು. ಪೇಚಿಯ ಮುಖದಲ್ಲಿದ್ದ ನಗೆ ಇಳಿಯಿತು.

"ನಿಂಗೂ ಹಾಡೋಕೆ ನನ್ ಹತ್ರ ಉಸಿರಿಲ್ಲ. ಏಳು."

ಪೇಚಿ ಒಲೆಗೆ ನೀರು ಚಿಮುಕಿಸಿ ಎದ್ದಳು.